ಮೀಟರ್ ನೋಡಿಕೊಂಡು ಬನ್ನಿ ಎಂದ ಮೇಷ್ಟ್ರು

ಒಂದು ಭಾನುವಾರ ಬೆಳಿಗ್ಗೆ ಬ್ಲೌಸಿಗೆ ಹುಕ್ಕು ಹೊಲಿಯುತ್ತಾ ಕೂತಿದ್ದೆ. ಜಗುಲಿಯಲ್ಲಿ ಸ್ಟೂಲ್ ಎಳೆದ ಸದ್ದಾಯಿತು. ಎದ್ದು ಹೋಗಿ ನೋಡಿದರೆ, ಒಂಬತ್ತನೇ ಕ್ಲಾಸಿನ ನನ್ನ ಮಗಳು ಸ್ಟೂಲಿನ ಮೇಲೆ ನಿಂತು, ಕರೆಂಟಿನ ಮೀಟರಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ, ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

"ಏನೇ ಅದು?"

"ರೀಡಿಂಗ್ ಅಮ್ಮ. ಎಲ್ಲರೂ ಅವರವರ ಮನೆ ಮೀಟರ್ ನೋಡ್ಕೊಂಡು ಬನ್ನಿ ಅಂದಿದಾರೆ ಸಾರ್."

"ನಮ್ಮನೆ ಮೀಟರ್ ತಗೊಂಡು ಅವರಿಗೇನಾಗ್ಬೇಕು?"

"ನಂಗೇನ್ ಗೊತ್ತು, ಹೇಳಿದಾರೆ, ಬರ್ಕೊತಿದೀನಿ."

ಮೊದಲು ಕೆಳಗಿಳಿ ಎಂದು ಗದರಿದೆ. ಅದಕ್ಕೆ ಕಾರಣ ಇತ್ತು. ಗೋಪಾಳ ಬಡಾವಣೆಯ ಈ ಚಿಕ್ಕ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಮೋಟರ್ ಹಾಕಿಸಿದ ಹೊಲಿಗೆ ಮೆಷಿನ್ ಒಂದು, ಸೀರೆಯ ಅಂಚಿಗೆ ಪಿಕೋ ಹಾಕುವ ಮೆಷಿನ್ ಒಂದು, ಇಸ್ತ್ರಿ ಪೆಟ್ಟಿಗೆ. ಎಲ್ಲವೂ ಓಡುವುದು ಮನೆಯ ಮೀಟರಿನಲ್ಲೇ. ನಮಗೆ ಬರುವುದು ಸರ್ಕಾರದ ಸೊನ್ನೆ ಬಿಲ್ಲು. ಮನೆ ಮೀಟರಿನಲ್ಲಿ ವ್ಯಾಪಾರ ಮಾಡಿದರೆ ಹಿಡಿಯುತ್ತಾರೆ ಎಂದು ಯಾರೋ ಯಾವತ್ತೋ ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಅದು ನಿಜವೋ ಸುಳ್ಳೋ ಎಂದು ನಾನು ವಿಚಾರಿಸಿರಲಿಲ್ಲ. ವಿಚಾರಿಸಲು ಹೋದರೆ ನಾನಾಗಿಯೇ ಸಿಕ್ಕಿಬಿದ್ದ ಹಾಗಾಗುತ್ತದೆ ಎಂಬ ಭಯ. ಅದೇ ಭಯಕ್ಕೆ ಮನೆ ಮುಂದೆ ಒಂದು ಬೋರ್ಡ್ ಕೂಡ ಹಾಕಿರಲಿಲ್ಲ. ಹೊಸ ಗಿರಾಕಿಗಳು ಅವರಿವರನ್ನು ಕೇಳಿಕೊಂಡು ಬರಬೇಕಿತ್ತು.

ಆ ಮೇಷ್ಟ್ರ ಮೇಲೆ ನನಗೆ ಮೊದಲಿನಿಂದಲೂ ಅನುಮಾನವೇ. ಸವಳಂಗ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿಗೂ ಟೈಲ್ಸ್ ಅಂಗಡಿಗೂ ನಡುವೆ ಒಂದು ಷಟರ್ ಇದೆ. ಉಳಿದ ದಿನ ಮುಚ್ಚಿರುವ ಅದನ್ನು ಭಾನುವಾರ ಅವರು ತೆಗೆದು, ಹೈಸ್ಕೂಲು ಮಕ್ಕಳನ್ನು ಕೂರಿಸಿಕೊಂಡು ಕರೆಂಟಿನ ಕೆಲಸ ಹೇಳಿಕೊಡುತ್ತಿದ್ದರು. ಮಗಳ ಗೆಳತಿಯೊಬ್ಬಳು ಅಲ್ಲಿಗೆ ಹೋಗುತ್ತಿದ್ದಳು. ನಾನೂ ಹೋಗುತ್ತೇನೆಂದು ಇವಳು ಹಟ ಹಿಡಿದಳು.

"ಫೀಸ್ ಎಷ್ಟಂತೆ?" ಎಂದು ಕೇಳಿದ್ದೆ.

"ಇಲ್ವಂತೆ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಅಮ್ಮ."

ಇದೇ ನನಗೆ ಗಂಟಲಲ್ಲಿ ಇಳಿಯದ ಮಾತು. ನಾನು ಗಿರಾಕಿಗಳ ನಡುವೆ ಬದುಕುವವಳು. ಬಿಚ್ಚಿಹೋದ ಒಂದು ಹುಕ್ಕನ್ನು ಯಾರಿಗಾದರೂ ಸುಮ್ಮನೆ ಹಾಕಿಕೊಟ್ಟರೂ, ಮುಂದಿನ ರೇಷ್ಮೆ ಬ್ಲೌಸು ನನ್ನ ಹತ್ತಿರವೇ ಬರಲಿ ಎಂಬ ಲೆಕ್ಕ ಒಳಗೊಳಗೇ ಇರುತ್ತದೆ. ಏನೂ ತೆಗೆದುಕೊಳ್ಳದೆ ಮಕ್ಕಳಿಗೆ ಪಾಠ ಹೇಳುವ ಮನುಷ್ಯನ ಲೆಕ್ಕ ಯಾವುದು?

ಅದನ್ನು ನೋಡಿಯೇ ಬರೋಣವೆಂದು ಮೊದಲ ದಿನ ಮಗಳ ಜೊತೆ ನಾನೇ ಹೋಗಿದ್ದೆ. ನಲವತ್ತು ದಾಟಿದ ಮನುಷ್ಯ. ಭದ್ರಾವತಿಯವರಂತೆ. ಸೆಕೆಯಲ್ಲೂ ತುಂಬುತೋಳಿನ ಅಂಗಿಯ ಮಣಿಕಟ್ಟಿನ ಗುಂಡಿ ಹಾಕಿಕೊಂಡಿದ್ದರು. ಪ್ರತಿ ಮಗುವಿನ ಮುಂದೆ ಒಂದು ಮರದ ಹಲಗೆ, ಅದರ ಮೇಲೆ ಸ್ವಿಚ್ಚು, ಬಲ್ಬಿನ ಹೋಲ್ಡರು, ಕೆಂಪು ಕಪ್ಪು ವೈರು. ಹೊಸಬರಿಗೆ ಬರೀ ಟಾರ್ಚಿನ ಸೆಲ್ಲು ಮತ್ತು ಪುಟ್ಟ ಬಲ್ಬು. ಗೋಡೆಯ ಪ್ಲಗ್ಗಿನ ಹತ್ತಿರ ಅವರನ್ನು ಬಿಟ್ಟು ಇನ್ಯಾರೂ ಹೋಗುವ ಹಾಗಿರಲಿಲ್ಲ. ಹುಡುಗಿಯೊಬ್ಬಳು ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದಳು. ಎರಡೂ ಮಂಕಾಗಿ ಉರಿದವು. "ಯಾಕೆ ಮಂಕಾಯ್ತು? ನೀನೇ ಯೋಚ್ನೆ ಮಾಡು, ನಾನ್ ಹೇಳಲ್ಲ" ಎಂದು ಅವರು ಕೈಕಟ್ಟಿ ನಿಂತರು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಒಬ್ಬೊಬ್ಬರನ್ನೇ ಕೇಳಲು ಶುರು ಮಾಡಿದರು. ನಿಮ್ಮನೇಲಿ ಗೀಸರ್ ಇದೆಯಾ? ನೀರೆತ್ತೋ ಪಂಪ್ ಇದೆಯಾ? ಫ್ರಿಜ್ ಎಷ್ಟು ಹಳೇದು?

ನನ್ನ ಕಿವಿ ನೆಟ್ಟಗಾದವು. ಅಷ್ಟರಲ್ಲಿ ನನ್ನ ಕಡೆ ತಿರುಗಿ, "ಮೇಡಂ, ನೀವೇನ್ ಮಾಡ್ಕೊಂಡಿದೀರಿ?" ಎಂದರು.

"ಮನೇಲೇ ಇರ್ತೀನಿ" ಎಂದೆ.

ಮಗಳು ನನ್ನ ಮುಖ ನೋಡಿದಳು. ನಾನು ಬಲ್ಬು ನೋಡಿದೆ.

ಈಗ ಮೀಟರಿನ ರೀಡಿಂಗೂ ಬೇಕಂತೆ ಎಂದರೆ ಅನುಮಾನಕ್ಕೆ ಎಣ್ಣೆ ಹೊಯ್ದ ಹಾಗಾಯಿತು. ಹಿಂದಿನ ಬೀದಿಯ ಒಬ್ಬ ಗಿರಾಕಿಯ ಮಗನೂ ಅದೇ ಕ್ಲಾಸಿಗೆ ಹೋಗುತ್ತಿದ್ದ. ಅವಳು ಫಾಲ್ ಹೊಲಿಸಲು ಸೀರೆ ತಂದವಳು ಬಾಗಿಲು ಮುಂದೆ ಮಾಡಿಕೊಂಡೇ ಮಾತು ತೆಗೆದಳು.

"ಆ ಮೇಷ್ಟ್ರು ಇದಾನಲ್ಲ, ಅವನು ಕರೆಂಟ್ ಆಫೀಸಿನವರು ಬಿಟ್ಟಿರೋ ಜನ ಅಂತೆ ಕಣ್ರೀ. ಮಕ್ಕಳ ಕೈಲೇ ಮನೆ ಮನೆ ಲೆಕ್ಕ ತರಿಸ್ಕೊತಾನೆ. ಯಾರ ಮನೇಲಿ ಏನಿದೆ, ಎಷ್ಟು ಓಡುತ್ತೆ, ಎಲ್ಲಾ."

"ಯಾರು ಹೇಳಿದ್ದು?"

"ಎಲ್ಲಾರೂ ಹೇಳ್ತಿದಾರೆ."

ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿಯೂ ಅದೇ. ಕಳ್ಳರಿಗೆ ಇದು ಅನುಕೂಲ, ರೀಡಿಂಗ್ ಓಡದಿದ್ದರೆ ಮನೆಯಲ್ಲಿ ಜನ ಇಲ್ಲ ಅಂತ ಗೊತ್ತಾಗುತ್ತೆ ಎಂದು ಒಬ್ಬರು ಹಾಕಿದರು. ಸೋಲಾರ್ ಮಾರುವವನಿರಬೇಕು ಎಂದು ಇನ್ನೊಬ್ಬರು. ಮುಂದಿನ ಭಾನುವಾರ ಮತ್ತೆ ರೀಡಿಂಗ್ ಬೇಕೆಂದಾಗ ಕೆಲವರು ಮಕ್ಕಳ ಕೈಯಲ್ಲಿ ಸುಳ್ಳು ಅಂಕಿ ಬರೆಸಿ ಕಳಿಸಿದರು. ಹಾಗೇ ಮಾಡು ಎಂದು ನಾನೂ ಮಗಳಿಗೆ ಹೇಳಿದೆ. ಅವಳು ಬರೆಯಲಿಲ್ಲ, ಖಾಲಿ ಕೈಯಲ್ಲಿ ಹೋದಳು.

ಸಂಜೆ ಬಂದವಳು ನಗು ತಡೆಯಲಾರದೆ ಹೇಳಿದಳು. "ಅಮ್ಮ, ಎಲ್ಲರ ಅಂಕಿ ಹೋದ ವಾರದ್ದರ ಪಕ್ಕ ಬೋರ್ಡ್ ಮೇಲೆ ಬರೆದ್ರೆ, ಕೆಲವರ ಮನೆ ಮೀಟರ್ ಹಿಂದಕ್ಕೆ ಓಡಿತ್ತು!"

"ಮೇಷ್ಟ್ರು ಏನಂದ್ರು? ನಕ್ಕರಾ?"

"ಇಲ್ಲ. ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಒರೆಸಿಬಿಟ್ರು."

ಅದು ನನ್ನನ್ನು ಇನ್ನೂ ಕಾಡಿತು. ಮೀಟರ್ ಹಿಂದಕ್ಕೆ ಓಡಿದರೆ ಯಾರಿಗಾದರೂ ನಗು ಬರುತ್ತದೆ. ನಗದೆ ಒರೆಸುವ ಮನುಷ್ಯ ಮನಸ್ಸಿನಲ್ಲಿ ಏನು ಬರೆದುಕೊಂಡಿರಬೇಕು?

ನನ್ನ ಅಕ್ಕ ಭದ್ರಾವತಿಯಲ್ಲಿದ್ದಾಳೆ. ಭಾವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೂ ಕ್ವಾರ್ಟರ್ಸಿನ ಆಚೆ ಬದಿಯಲ್ಲೇ ಮನೆ ಮಾಡಿಕೊಂಡಿದ್ದಾರೆ. ಅವಳಿಗೆ ಅಲ್ಲಿ ಗೊತ್ತಿಲ್ಲದ ಮನೆಯಿಲ್ಲ. ವಿಚಾರಿಸಿಯೇ ಬರುತ್ತೇನೆಂದು ಹೊಲಿಗೆ ಬದಿಗಿಟ್ಟು ಬಸ್ಸು ಹತ್ತಿದೆ. ನನ್ನ ಗಂಡ ಹೊಳೆಹೊನ್ನೂರು ಕಡೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ಅವರಿಗೆ ಹೇಳಿದರೆ, "ಮಗು ಏನೋ ಕಲೀತಿದೆ, ನೀನು ಪೊಲೀಸ್ ಕೆಲಸ ಮಾಡ್ಕೊಂಡು ತಿರುಗು" ಎಂದು ಬೈದರು.

ಅಕ್ಕ ಕಾಫಿ ಕೊಡುವ ಮೊದಲೇ ಕೇಳಿದೆ. ಇಂಥವರು, ಉದ್ದ ತೋಳಿನ ಅಂಗಿ, ಮಕ್ಕಳಿಗೆ ಕರೆಂಟಿನ ಪಾಠ ಎಂದೆ.

"ಓ, ಅವನಾ! ಇಲ್ಲೂ ಮಾಡ್ತಿದ್ದ ಮಾರಾಯ್ತಿ. ಹಿಂದಿನ ಲೈನಿನ ಖಾಲಿ ಮನೆ ಜಗುಲೀಲಿ ಮಕ್ಕಳನ್ನ ಕೂರಿಸ್ಕೊತಿದ್ದ. ಆಮೇಲೆ ಗಲಾಟೆ ಆಗಿ ನಿಂತುಹೋಯ್ತು."

"ಏನ್ ಗಲಾಟೆ?"

"ಇದೇ, ಮೀಟರ್ ನೋಡ್ಕೊಂಡು ಬನ್ನಿ ಅಂದಿದ್ದನಂತೆ. ಅದಾಗಿ ಸ್ವಲ್ಪ ದಿನಕ್ಕೆ ಅಲ್ಲೊಂದು ಮನೆಗೆ ಕರೆಂಟ್ ಆಫೀಸಿನವರು ಬಂದು ಕನೆಕ್ಷನ್ ಕಿತ್ತು ಹಾಕಿದ್ರು. ಆ ಮನೆಯವರು ಊರೇ ಬಿಟ್ಟು ಹೋದ್ರು."

ನನ್ನ ಅನುಮಾನ ನಿಜವಾಯಿತಲ್ಲ ಎಂದು ಒಳಗೆ ಒಂಥರಾ ಸಮಾಧಾನವಾಯಿತು. ಹೆದರಿಕೆಯೂ ಆಯಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟುಕೊಂಡು, ನನ್ನ ಮನೆ ಬಾಗಿಲಿಗೆ ಯಾರೋ ಬಂದು ಮೆಷಿನ್ನುಗಳನ್ನು ಎಣಿಸುವುದನ್ನೇ ಕಲ್ಪಿಸಿಕೊಂಡು ಬಂದೆ. ಮನೆಗೆ ಬಂದವಳೇ ಮಗಳಿಗೆ, "ಇನ್ನು ಆ ಕ್ಲಾಸಿಗೆ ಹೋಗೋದು ಬೇಡ" ಎಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ."

ಅವಳು ಜಗಳವಾಡಲಿಲ್ಲ. ಮೂರು ಹೊತ್ತೂ ಕೇಳಿದ್ದಕ್ಕಷ್ಟೇ ಉತ್ತರ ಕೊಡತೊಡಗಿದಳು. ಕಂಪಾಸ್ ಬಾಕ್ಸಿನಲ್ಲಿ ಪೆನ್ಸಿಲುಗಳ ಜೊತೆ ಒಂದು ಟೆಸ್ಟರ್ ಇಟ್ಟುಕೊಂಡಿದ್ದಳು. ಅದನ್ನು ಮಾತ್ರ ಕಸಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಮದುವೆ ಸೀಸನ್ನು. ಕೈತುಂಬಾ ಬ್ಲೌಸು. ಒಂದು ಶನಿವಾರ ಮಧ್ಯಾಹ್ನ ನೆಲ ಒರೆಸಿ, ಅದು ಒಣಗಲು ಕಾಯದೆ ಬರಿಗಾಲಲ್ಲಿ ಮೆಷಿನ್ ಮುಂದೆ ಕೂತೆ. ಚಕ್ರ ಮುಟ್ಟಿದಾಗ ಕೈ ಜುಮ್ಮೆಂದಿತು. ಹೊಸದೇನಲ್ಲ. ಆಗಾಗ ಹಾಗೆ ಆಗುತ್ತಿತ್ತು. ನರದ ವೀಕ್ನೆಸ್ ಇರಬೇಕೆಂದು ಡಾಕ್ಟರ ಹತ್ತಿರ ಹೋಗಿ ವಿಟಮಿನ್ ಮಾತ್ರೆ ನುಂಗಿದ್ದೂ ಆಗಿತ್ತು. ಈ ಸಲ ಜೋರಾಗಿಯೇ ಕೈ ಎಳೆದುಕೊಂಡೆ. ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿದಳು.

"ಏನಾಯ್ತಮ್ಮ?"

"ಏನಿಲ್ಲ, ನರ."

ಅವಳು ಎದ್ದು ಚಪ್ಪಲಿ ಹಾಕಿಕೊಂಡು ಬಂದಳು. ಮೆಷಿನ್ನಿನ ಬದಿಯ ತಿರುಪಿಗೆ ಟೆಸ್ಟರ್ ಇಟ್ಟಳು. ಅದರೊಳಗಿನ ದೀಪ ಕೆಂಪಗೆ ಹತ್ತಿತು.

"ಅಮ್ಮ, ಏನೂ ಮುಟ್ಬೇಡ. ಹಾಗೇ ಎದ್ದು ಹಿಂದೆ ಬಾ."

ಅವಳ ದನಿ ನನ್ನ ಮಗಳದ್ದೇ ಅನ್ನಿಸಲಿಲ್ಲ. ಎದ್ದೆ. ಅವಳು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಫ್ಯಾನ್ ನಿಧಾನವಾಗಿ ನಿಂತಿತು. ನರವಲ್ಲ, ಮೆಷಿನ್ನಿನ ಮೈಗೇ ಕರೆಂಟು ಬರುತ್ತಿದೆ, ಅದು ನೆಲಕ್ಕೆ ಹೋಗಲು ಅರ್ತ್ ಇಲ್ಲ, ಅದಕ್ಕೇ ನಿನ್ನ ಮೈಯಿಂದ ಹೋಗುತ್ತಿದೆ ಎಂದು ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

"ಸಾರ್‌ನ ಕರೀಲಾ?"

"ಬೇಡ."

ಗಂಡನಿಗೆ ಫೋನ್ ಮಾಡಿದೆ. ಅವರ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬ ಸಂಜೆ ಬಂದು, ಪ್ಲಗ್ ಅಲ್ಲಾಡಿಸಿ, ಒಂದು ಕಡೆ ಟೇಪ್ ಸುತ್ತಿ, "ಸ್ವಲ್ಪ ಬರುತ್ತೆ ಅಕ್ಕ, ಕಾಲಡಿ ರಬ್ಬರ್ ಮ್ಯಾಟ್ ಹಾಕ್ಕೊಳ್ಳಿ" ಎಂದು ಹೋದ. ಅವನು ಹೋದ ಮೇಲೆ ಮಗಳು ಮತ್ತೆ ಟೆಸ್ಟರ್ ಇಟ್ಟಳು. ಮತ್ತೆ ಹತ್ತಿತು. ಮೆಷಿನ್ನಿನ ಪ್ಲಗ್ ಕಿತ್ತು, ವೈರು ಸುತ್ತಿ, ಅದರ ಮೇಲೆ ಕೈಯಿಟ್ಟು ನಿಂತಳು.

"ಸರಿ ಆಗೋವರೆಗೂ ನೀನು ಇದನ್ನ ಹಾಕೋ ಹಾಗಿಲ್ಲ."

ಬ್ಲೌಸುಗಳ ರಾಶಿ ಒಂದು ಕಡೆ, ಆ ಮೇಷ್ಟ್ರು ಇನ್ನೊಂದು ಕಡೆ. ಅವರು ಬಂದರೆ ಮುಂದಿನ ಕೋಣೆಗೆ ಕಾಲಿಡಲೇಬೇಕು, ಎಲ್ಲವನ್ನೂ ನೋಡಲೇಬೇಕು. ಗಂಡ ಬಂದು ವಿಷಯ ಕೇಳಿದವರು ನನ್ನನ್ನೇ ದಿಟ್ಟಿಸಿದರು. "ನಿಂಗೆ ಯಾವುದು ಹೆಚ್ಚು, ಸೊನ್ನೆ ಬಿಲ್ಲಾ, ಜೀವನಾ?" ಎಂದರು. ಅವರೇ ಮಗಳಿಗೆ ಫೋನ್ ಕೊಟ್ಟರು.

ಭಾನುವಾರ ಕ್ಲಾಸ್ ಮುಗಿಸಿ ಮೇಷ್ಟ್ರು ಬಂದರು. ಜೊತೆಗೆ ಮಗಳ ಆ ಗೆಳತಿ. ನಾನು ಬಾಗಿಲ ಪಕ್ಕ ನಿಂತು ಅವರ ಕಣ್ಣುಗಳನ್ನೇ ಕಾಯುತ್ತಿದ್ದೆ. ತಂತಿಗೆ ನೇತುಹಾಕಿದ ಬ್ಲೌಸುಗಳು, ಅಳತೆ ಟೇಪು, ಎರಡು ಮೆಷಿನ್ನು, ಎಲ್ಲದರ ಮೇಲೂ ಅವರ ಕಣ್ಣು ಹೋಗಿ ಬಂತು. 'ಮನೇಲೇ ಇರ್ತೀನಿ' ಎಂದವಳು ನಾನು. ಅವರು ಚೀಲ ಕೆಳಗಿಟ್ಟರು. ಮೇನ್ ಇಳಿಸಲು ಮಕ್ಕಳಿಗೇ ಹೇಳಿದರು. ಇಳಿಸಿದ ಮೇಲೂ ಟೆಸ್ಟರ್ ಹಿಡಿದು ನೋಡಿದ ಹೊರತು ಮುಟ್ಟಲು ಬಿಡಲಿಲ್ಲ.

ಮೋಟರಿನ ವೈರು ಕಬ್ಬಿಣದ ಸ್ಟ್ಯಾಂಡಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಕಾಣುತ್ತಿತ್ತು. ಅದನ್ನು ಕಂಡುಹಿಡಿದದ್ದು ಗೆಳತಿ. ಗೋಡೆಯ ಪ್ಲಗ್ ಬಿಚ್ಚಿದರೆ ಅರ್ತಿನ ತೂತಿನ ಹಿಂದೆ ವೈರೇ ಇರಲಿಲ್ಲ. ಹುಡುಕುತ್ತಾ ಜಗುಲಿಗೆ ಹೋದರೆ, ಹಸಿರು ವೈರೊಂದು ಸುರುಳಿ ಸುತ್ತಿಕೊಂಡು ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಹಿಂದೆ ಚರಂಡಿಗೆ ಅಗೆದಾಗ ನೆಲದೊಳಗಿನ ಪೈಪು ಕಿತ್ತುಹೋಗಿತ್ತು, ಯಾರೂ ಮತ್ತೆ ಜೋಡಿಸಿರಲಿಲ್ಲ. ಮೇಷ್ಟ್ರು ಅಲ್ಲೇ ಮೀಟರಿನ ಕೆಳಗೆ ನಿಂತಿದ್ದರು. ತಲೆಯೆತ್ತಿ ಮೀಟರನ್ನು ಒಂದು ಸಲವೂ ನೋಡಲಿಲ್ಲ. ಮಕ್ಕಳಿಗೆಲ್ಲ ನೋಡಿಕೊಂಡು ಬನ್ನಿ ಎನ್ನುವ ಮನುಷ್ಯ ಯಾಕೆ ನೋಡುತ್ತಿಲ್ಲ ಎಂದು ಅದಕ್ಕೂ ಅನುಮಾನಪಟ್ಟೆ.

ಗಂಡ ಹಾರೆ ಹಿಡಿದು ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೆಗೆದರು. ಅರ್ಧಕ್ಕೆ ಸುಸ್ತಾಗಿ ಕೂತರು, ಮೇಷ್ಟ್ರು ಅಂಗಿಯ ತೋಳು ಮಡಿಸಿ ಇಳಿದರು. ಆಗ ಕಂಡಿತು: ಬಲಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಅದೇ ಕೈಯಲ್ಲಿ ಅವರು ಹಾರೆ ಎತ್ತಿದರು. ಪೈಪು ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ ತುಂಬಿ ನೀರು ಹೊಯ್ದರು. ಉಪ್ಪು ನನ್ನ ಅಡಿಗೆಮನೆಯದ್ದೇ. ಯಾಕೆ ಉಪ್ಪು, ಯಾಕೆ ಇದ್ದಿಲು ಎಂದು ಮಕ್ಕಳು ನನಗೆ ವಿವರಿಸಿದರು. ನೆಲದ ತೇವ ಆರದ ಹಾಗೆ ಹಿಡಿದಿಟ್ಟರೆ ಕರೆಂಟು ಸಲೀಸಾಗಿ ಮಣ್ಣಿಗೆ ಇಳಿಯುತ್ತದಂತೆ. ಕೊನೆಗೆ ಮೇಷ್ಟ್ರು ಹಸಿರು ವೈರನ್ನು ಪೈಪಿಗೂ ಪ್ಲಗ್ಗಿಗೂ ಸೇರಿಸಿ, ಮೋಟರಿನ ಸವೆದ ವೈರು ಬದಲಿಸಿದರು.

ಕಾಫಿ ಕೊಟ್ಟಾಗ ನನಗೆ ತಡೆಯಲಾಗಲಿಲ್ಲ.

"ಭದ್ರಾವತೀಲಿ ಏನಾಯ್ತು ಸಾರ್?"

ಅವರು ಲೋಟ ಕೆಳಗಿಟ್ಟರು. ಮಕ್ಕಳು ಹೊರಗೆ ಮಣ್ಣು ಮುಚ್ಚುತ್ತಿದ್ದರು.

"ಅಲ್ಲೂ ಮೀಟರ್ ಓದೋಕೆ ಹೇಳ್ಕೊಟ್ಟಿದ್ದೆ ಮೇಡಂ. ಒಬ್ಬ ಹುಡುಗ ಪ್ರತಿ ವಾರ ಒಂದೇ ಅಂಕಿ ತರ್ತಿದ್ದ. ಅವರ ಮನೇಲಿ ಟಿವಿ ಓಡುತ್ತೆ, ಲೈಟ್ ಉರಿಯುತ್ತೆ, ಮೀಟರ್ ಮಾತ್ರ ನಿಂತಿದೆ. ಕರೆಂಟ್ ಕದೀತಿದಾರೆ ಅಂತ ನಂಗೆ ಅರ್ಥ ಆಯ್ತು, ಸುಮ್ನಿದ್ದೆ. ಆದ್ರೆ ಪಾಠ ಹೇಳಿದ್ದು ಎಲ್ಲಾ ಮಕ್ಕಳಿಗೂ ಅಲ್ವಾ? ಇನ್ನೊಬ್ಬನಿಗೂ ಅರ್ಥ ಆಯ್ತು. ಅವನು ಮನೇಲಿ ಹೇಳಿದ. ಅವರಪ್ಪನಿಗೂ ಆ ಮನೆಯವರಿಗೂ ಮೊದಲೇ ಆಗ್ತಿರ್ಲಿಲ್ಲ, ಹೋಗಿ ದೂರು ಕೊಟ್ಟ. ಆ ಹುಡುಗ ತನ್ನ ಮನೇನ ತಾನೇ ಹಿಡಿದುಕೊಟ್ಟ ಹಾಗಾಯ್ತು."

"ಆದ್ರೂ ಇಲ್ಲಿ ಮತ್ತೆ ಅದನ್ನೇ ಮಾಡಿಸ್ತಿದೀರಲ್ಲ?"

"ಮಾಡಿಸಬಾರ್ದಾಗಿತ್ತು. ಮೀಟರ್ ಹಿಂದಕ್ಕೆ ಓಡಿದ ದಿನ ಗೊತ್ತಾಯ್ತು, ಜನ ಹೆದರಿದಾರೆ ಅಂತ. ಈಗ ನಾನೇ ಒಂದು ಹಳೇ ಮೀಟರ್ ತಂದು ಕ್ಲಾಸಲ್ಲೇ ಹಾಕಿದೀನಿ. ಅದನ್ನೇ ಓದ್ತಾರೆ."

ಮಾತು ನಿಜವೆನ್ನಿಸುತ್ತಿತ್ತು. ಆದರೆ ನಿಜವೆನ್ನಿಸುವ ಹಾಗೆ ಮಾತಾಡುವವರನ್ನೂ ನಾನು ನೋಡಿದ್ದೇನೆ.

"ದುಡ್ಡು ಯಾಕೆ ತಗೊಳ್ಳಲ್ಲ ನೀವು?"

ಅವರು ಮೊದಲ ಸಲ ನಕ್ಕರು. "ವೈರಿಂಗ್ ಕಂಟ್ರಾಕ್ಟ್ ಮಾಡ್ತೀನಿ ಮೇಡಂ. ಕೆಲಸಕ್ಕೆ ಬರೋ ಹುಡುಗರಿಗೆ ಫೇಸ್ ಯಾವುದು ನ್ಯೂಟ್ರಲ್ ಯಾವುದು ಗೊತ್ತಿರಲ್ಲ. ಒಬ್ಬೊಬ್ಬರಿಗೂ ಕಲಿಸೋ ಹೊತ್ತಿಗೆ ಬಿಟ್ಟು ಹೋಗ್ತಾರೆ. ಈಗಿಂದ ಕಲಿಸಿದ್ರೆ ಮುಂದೆ ನಂಗೇ ಜನ ಸಿಗ್ತಾರೆ. ನಂಗೂ ಲಾಭ ಇದೆ."

ಆ ಮಾತು ಕೇಳಿದ ಮೇಲೆ ನನ್ನ ಎದೆ ಹಗುರಾಯಿತು. ಮಕ್ಕಳ ಸೇವೆ, ದೇಶದ ಭವಿಷ್ಯ ಎಂದು ಅವರು ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ಇದು ನನಗೆ ಅರ್ಥವಾಗುವ ಲೆಕ್ಕ. ಆದರೆ ಮರುಗಳಿಗೆಯೇ, ಹಾಗಾದರೆ ನನ್ನ ಮಗಳನ್ನೂ ವೈರಿಂಗ್ ಕೆಲಸಕ್ಕೆ ಏಣಿ ಹತ್ತಿಸುವ ಯೋಚನೆ ಇದೆಯೋ ಎಂದು ಹೊಸ ಅನುಮಾನ ಹುಟ್ಟಿತು. ಕೇಳಿಯೂ ಬಿಟ್ಟೆ.

"ಅದನ್ನ ಅವಳನ್ನ ಕೇಳಿ" ಎಂದು ಎದ್ದರು.

ಮುಂದಿನ ವಾರಗಳಲ್ಲಿ ಕರೆಂಟ್ ಆಫೀಸಿನಿಂದ ಯಾರಾದರೂ ಬರುತ್ತಾರೆಂದು ಕಾದೆ. ಬೈಕ್ ನಿಂತ ಸದ್ದಿಗೆಲ್ಲ ಮೆಷಿನ್ ಮೇಲೆ ಬೆಡ್‌ಶೀಟ್ ಎಳೆಯುತ್ತಿದ್ದೆ. ಯಾರೂ ಬರಲಿಲ್ಲ. ಹೀಗೆ ಬೆಡ್‌ಶೀಟ್ ಎಳೆದು ತೆಗೆದು ಬೇಸರ ಬಂದು, ಒಂದು ದಿನ ನಾನೇ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸಿಗೆ, ಹೊಲಿಗೆ ಅಂಗಡಿ ಇಡಬೇಕೆಂದಿದ್ದೇನೆ, ಏನು ಮಾಡಬೇಕು ಎಂದು ಕೇಳಿದೆ. ಇಡಬೇಕೆಂದಿದ್ದೇನೆ ಎಂದೆ, ಇಟ್ಟಿದ್ದೇನೆ ಎನ್ನಲಿಲ್ಲ. ಆಕೆ ತಲೆಯೆತ್ತದೆ ಬೇಕಾದ ಕಾಗದಗಳನ್ನು ಹೇಳಿದಳು. ಕೆಲವು ದಿನ ಓಡಾಡಿದ ಮೇಲೆ ಮುಂದಿನ ಕೋಣೆಗೆ ಬೇರೆ ಮೀಟರ್ ಬಂತು. ಈಗ ಅದಕ್ಕೆ ಬಿಲ್ಲು ಬರುತ್ತದೆ, ಕಟ್ಟುತ್ತೇನೆ. ಗೇಟಿನ ಪಕ್ಕ ಬೋರ್ಡ್ ಹಾಕಿದೆ. ಗಂಡ ಬಸ್ಸಿನ ಬೋರ್ಡ್ ಬರೆಯುವವನ ಕೈಯಲ್ಲೇ ಬರೆಸಿಕೊಂಡು ಬಂದಿದ್ದರು.

ಹಿಂದಿನ ಬೀದಿಯ ಆ ಗಿರಾಕಿ ಬೋರ್ಡ್ ನೋಡಿದವಳು ಒಳಗೆ ಬರಲಿಲ್ಲ. "ಏನ್ರೀ, ನೀವೂ ಅವನ ಜೊತೆ ಸೇರ್ಕೊಂಡ್ರಂತೆ?" ಎಂದು ಗೇಟಿನಲ್ಲೇ ಕೇಳಿದಳು. ಆಮೇಲೆ ಅವಳ ಸೀರೆ ನನ್ನ ಹತ್ತಿರ ಬಂದಿಲ್ಲ. ನಾನು ಆ ಮೇಷ್ಟ್ರಿಗೆ ಮನೆ ಮನೆಯ ವಿಷಯ ಹೇಳುತ್ತೇನೆಂದು ಅವಳು ಬೇರೆಯವರ ಹತ್ತಿರ ಹೇಳಿದಳಂತೆ. ಮೊದಲು ಸಿಟ್ಟು ಬಂತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ ಎಂದು ಹೊಳೆದ ಮೇಲೆ ಇಳಿಯಿತು.

ಮಗಳು ಮತ್ತೆ ಕ್ಲಾಸಿಗೆ ಹೋಗುತ್ತಿದ್ದಾಳೆ. ಈ ಬೇಸಿಗೆ ರಜೆಯಲ್ಲಿ ಮೇಷ್ಟ್ರು ಭದ್ರಾವತಿಯಲ್ಲಿ ಮತ್ತೆ ಪಾಠ ಶುರು ಮಾಡಿದರು. ಹಳೆಯ ಮಕ್ಕಳು ಹೊಸಬರಿಗೆ ತೋರಿಸಿಕೊಡಲಿ ಎಂದು ಮಗಳನ್ನೂ ಗೆಳತಿಯನ್ನೂ ಕರೆದರು. ಒಬ್ಬಳನ್ನೇ ಕಳಿಸಲು ನನಗೆ ಇನ್ನೂ ಮನಸ್ಸಾಗಲಿಲ್ಲ. ಹೆಮ್ಮಿಂಗ್ ಮಾಡುವ ಬ್ಲೌಸುಗಳನ್ನು ಚೀಲಕ್ಕೆ ತುಂಬಿಕೊಂಡು ಜೊತೆಗೆ ಹೋದೆ. ಕ್ವಾರ್ಟರ್ಸಿನ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ ಹಲಗೆಗಳನ್ನು ಹರಡಿಕೊಂಡು ಮಕ್ಕಳು ಕೂತಿದ್ದರು. ಮಗಳು ಒಬ್ಬ ಪುಟ್ಟ ಹುಡುಗಿಯ ಕೈ ಹಿಡಿದು ವೈರಿನ ಸಿಪ್ಪೆ ಬಿಡಿಸುವುದನ್ನು ತೋರಿಸುತ್ತಿದ್ದಳು. ತಾಮ್ರಕ್ಕೆ ಗಾಯವಾಗಬಾರದು ಎಂದು ಅವಳು ಹೇಳುವುದು ನನಗೆ ಕೇಳಿಸಿತು.

ಬಾಗಿಲಲ್ಲಿ ಒಬ್ಬ ಹೆಂಗಸು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಆ ಪುಟ್ಟ ಹುಡುಗಿಯ ತಾಯಿ. ಮನೆಯಲ್ಲಿ ತಮಿಳು ಮಾತಾಡುವವಳೆಂದು ಅವಳ ಕನ್ನಡ ಕೇಳಿದರೆ ತಿಳಿಯುತ್ತಿತ್ತು. ನನ್ನ ಹತ್ತಿರ ಬಂದು ಬಗ್ಗಿ, ಮೇಷ್ಟ್ರ ಕಡೆ ಕಣ್ಣು ತೋರಿಸಿ, ಮೆಲ್ಲಗೆ ಕೇಳಿದಳು.

"ಅಕ್ಕಾ, ಇವರು ಒಳ್ಳೆಯವರಾ? ದುಡ್ಡೇ ಕೇಳಲ್ಲ ಅಂತಾರೆ. ನಂಬಬಹುದಾ?"

ನಾನು ಸೂಜಿ ಬಟ್ಟೆಗೆ ಚುಚ್ಚಿಟ್ಟು ಅವಳ ಮುಖ ನೋಡಿದೆ.

"ನನ್ನ ಮಗಳು ಕಲ್ತಿದಾಳೆ, ಅಷ್ಟು ಮಾತ್ರ ಗೊತ್ತು" ಎಂದೆ. "ಅದೋ, ಅಲ್ಲಿ ಕುರ್ಚಿ ಇದೆ. ತಗೊಂಡು ಬಂದು ನನ್ನ ಪಕ್ಕ ಕೂತ್ಕೊಳ್ಳಿ. ಇಬ್ಬರೂ ನೋಡೋಣ."

ಅವಳು ಕುರ್ಚಿ ತರಲು ಹೋದಳು.